ಅಪ್ಪಟ ತೇಗದ ಹಡಗು

ಹಾಯಿಗೆ ಬಳಿದ ಬಣ್ಣ ಬೆಳಿಗ್ಗೆಯಾದರೂ ಒಣಗಿರಲಿಲ್ಲ. ಅಂದಿನ ರಗಳೆಗೆಲ್ಲ ಮೂಲ ಇಷ್ಟೇ.

ಸರಕು ಸಾಗಣೆ ಕಚೇರಿಯ ಆ ಗುಮಾಸ್ತನ ಉಗುರಿನ ಸಂದಿಯಲ್ಲಿ ಸದಾ ಏನಾದರೊಂದು ಬಣ್ಣ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಕುಂಚಪ್ಪ ಎಂದೇ ಕರೆಯುತ್ತಿದ್ದರು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ಹಡಗು ಕಟ್ಟುವುದು ಅವನ ಹುಚ್ಚು. ಕಟ್ಟುವುದು ಯಾರಿಗಾದರೂ ಬಂದೀತು. ಪ್ಲಾಸ್ಟಿಕ್ಕನ್ನು ಮರವೆಂದು ನಂಬಿಸುವುದರಲ್ಲಿ ಅವನ ಜೀವವಿತ್ತು. ಮೊದಲು ಒಡಲಿಗೆಲ್ಲ ಮಣ್ಣಿನ ಹಳದಿ. ಅದರ ಮೇಲೆ ಗಟ್ಟಿ ಕಂದು ಬಳಿದು, ಹಸಿಯಿರುವಾಗಲೇ ಒಣ ಕುಂಚದಿಂದ ಒಂದೇ ದಿಕ್ಕಿಗೆ ಎಳೆದರೆ ಮರದ ಎಳೆಗಳು ತಾವಾಗಿ ಮೂಡುತ್ತಿದ್ದವು. ಹಾಯಿ ಇನ್ನೂ ನಾಜೂಕು. ಹಳೇ ಹೊದಿಕೆಯ ಬಿಳುಪು ಕೊಟ್ಟು, ಮಡಿಕೆಗಳೊಳಗೆ ನೀರು ನೀರಾದ ಕಂದು ಇಳಿಸಿ, ಉಬ್ಬಿನ ಮೇಲೆ ಬಿಳಿಯನ್ನು ಸವರಿಯೂ ಸವರದ ಹಾಗೆ ಸವರಬೇಕು. ಆಗ ಪ್ಲಾಸ್ಟಿಕ್ಕು ಗಾಳಿ ಕುಡಿದ ಬಟ್ಟೆಯಾಗುತ್ತದೆ.

ಇದಕ್ಕೆಲ್ಲ ಅವನ ಗುರು ಇನ್ನೊಂದು ಹಡಗು. ಕಚೇರಿಯ ಹಜಾರದ ಗಾಜಿನ ಪೆಟ್ಟಿಗೆಯಲ್ಲಿ ಯಜಮಾನರ ತಂದೆಯ ಕಾಲದ ತೇಗದ ಹಡಗಿತ್ತು. ಊಟದ ಬಿಡುವಿನಲ್ಲಿ ಗಾಜಿಗೆ ಮೂಗೊತ್ತಿ ನಿಂತು, ಮರವೆಂದರೆ ಹೇಗಿರುತ್ತದೆಂದು ಕುಂಚಪ್ಪ ಅದರಿಂದಲೇ ಕಲಿತಿದ್ದ.

ಅಂದು ಸಂಜೆ ವಾಚನಾಲಯದಲ್ಲಿ ಇಂಥ ಮಾದರಿಗಳ ಸ್ಪರ್ಧೆ. ಕಚೇರಿ ಬಿಟ್ಟವನು ನೇರ ಅಲ್ಲಿಗೆ ಹೋಗಬೇಕೆಂದು ಹಡಗನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಹಾಯಿ ಒಣಗಲೆಂದು ಕಿಟಕಿಯ ಬಿಸಿಲಿಗೆ ಇಟ್ಟ.

ಮೊದಲು ನೋಡಿದವರು ಟೈಪಿಸ್ಟ್ ಅಕ್ಕ. ಕಿಟಕಿ ನೋಡಿದರು, ಹಜಾರದ ಕಡೆ ತಿರುಗಿದರು. ಗಾಜಿನ ಪೆಟ್ಟಿಗೆ ಖಾಲಿ. ಬೆಳಿಗ್ಗೆಯಿಂದ ಅದರ ಮುಂದೆಯೇ ಓಡಾಡಿದ್ದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅಕ್ಕ ಕ್ಯಾಷಿಯರ್ ಕಿವಿಯಲ್ಲಿ ಉಸುರಿದರು, ಕ್ಯಾಷಿಯರ್ ಮ್ಯಾನೇಜರರ ಕಿವಿಯಲ್ಲಿ. ಚಹಾದ ಲೋಟಗಳು ಖಾಲಿಯಾಗುವಷ್ಟರಲ್ಲಿ ಕುಂಚಪ್ಪ ಹಡಗು ಕದ್ದದ್ದು ಮಾತ್ರವಲ್ಲ, ಹೆಂಡತಿಯ ಕಾಟ ತಾಳಲಾರದೆ ಕದ್ದನೆಂಬುದೂ ತೀರ್ಮಾನವಾಗಿತ್ತು.

"ಇದು ಪ್ಲಾಸ್ಟಿಕ್ಕು ಸಾರ್," ಎಂದ ಕುಂಚಪ್ಪ.

ಮ್ಯಾನೇಜರ್ ಎತ್ತಿ ನೋಡಿದರು. ಅಲುಗದೆ ನಿಲ್ಲಲೆಂದು ಒಡಲಿಗೆ ಮರಳು ತುಂಬಿದ್ದರಿಂದ ಅದು ಮಣಭಾರವಿತ್ತು. ಕ್ಯಾಷಿಯರನ ಸೋದರಮಾವ ಬಡಗಿ. ಹಾಗಾಗಿ ಮರದ ವಿಷಯ ತನ್ನ ರಕ್ತದಲ್ಲೇ ಇದೆಯೆಂದು ಅವನು ಕಿವಿ ಹಚ್ಚಿ, ಬೆರಳಿನಿಂದ ತಟ್ಟಿ, ತೇಗವೇ ಎಂದ. ಅಕ್ಕ ಮೂಸಿ ನೋಡಿ ತಲೆಯಾಡಿಸಿದರು. ತನ್ನ ಹಡಗು ಗೇಣುದ್ದ ಚಿಕ್ಕದೆಂದು ಕುಂಚಪ್ಪ ಅಂಗಲಾಚಿದ.

"ಗಾಜಿನೊಳಗಿದ್ದಾಗ ಎಲ್ಲಾನೂ ದೊಡ್ಡದಾಗೇ ಕಾಣುತ್ತೆ, ಹೊರಗೆ ತೆಗೆದ್ರೆ ಇಷ್ಟೇ," ಎಂದು ಕ್ಯಾಷಿಯರ್ ಅದಕ್ಕೂ ಸಮಾಧಾನ ಹೇಳಿದ.

ಕಳ್ಳನೆಂಬ ಅಪವಾದ ಕುಂಚಪ್ಪನ ಒಂದು ಕಿವಿಗೆ ಬೀಳುತ್ತಿದ್ದರೆ ಜೀವಮಾನದಲ್ಲಿ ಕೇಳದ ಮೆಚ್ಚುಗೆ ಇನ್ನೊಂದಕ್ಕೆ ಬೀಳುತ್ತಿತ್ತು. ಅಳಬೇಕೋ ಹಿಗ್ಗಬೇಕೋ ತಿಳಿಯದೆ ಅವನ ಮುಖ ಅರೆಬೆಂದ ಗೆಣಸಿನಂತಾಯಿತು.

ಯಜಮಾನರು ಬರುವವರೆಗೆ ಹಡಗೂ ಅವನೂ ಕದಲಕೂಡದೆಂದು ಮ್ಯಾನೇಜರ್ ಅಪ್ಪಣೆ ಮಾಡಿದರು. ಯಜಮಾನರು ಮಧ್ಯಾಹ್ನ ಬರಲಿಲ್ಲ, ಬಿಸಿಲಿಳಿದರೂ ಬರಲಿಲ್ಲ. ಅಷ್ಟರಲ್ಲಿ ವಾಚನಾಲಯದಲ್ಲಿ ಹೆಸರು ಬರೆಸುವ ಹೊತ್ತು ಹತ್ತಿರವಾಯಿತು. ಉಳಿದದ್ದು ಒಂದೇ ದಾರಿ. ಕುಂಚಪ್ಪ ಮೇಜಿನಿಂದ ಬ್ಲೇಡು ತೆಗೆದು, ಹೆತ್ತ ಮಗುವಿನ ಕೆನ್ನೆ ಗೀರುವವನಂತೆ ಕಣ್ಣು ಮುಚ್ಚಿ, ಹಡಗಿನ ಮಗ್ಗುಲನ್ನು ಕೆರೆದ. ಬಿಳಿ ಗೆರೆ ಮೂಡಿತು. ಕೆಲವು ಮರ ಒಳಗೆ ಬಿಳಿಯೇ ಇರುತ್ತದೆಂದ ಕ್ಯಾಷಿಯರ್. ಮತ್ತೊಂದು ಕಡೆ ಕೆರೆದ. ಆಮೇಲೆ ಕಂಬವನ್ನೂ ಕೆರೆದ. ಹಡಗು ಬೆಕ್ಕಿನ ಕೈಗೆ ಸಿಕ್ಕ ಸೋಫಾದಂತಾದ ಮೇಲೆ ಎಲ್ಲರೂ ಒಪ್ಪಿದರು.

ಆಗ ಯಜಮಾನರು ಬಂದರು.

ಹಡಗನ್ನು ಹಿಂದಿನ ದಿನವೇ ತಾವೇ ಮನೆಗೆ ಒಯ್ದಿದ್ದಾಗಿಯೂ ಈಗಲೂ ಕಾರಿನ ಹಿಂದಿನ ಸೀಟಿನಲ್ಲಿ ಇದೆಯೆಂದೂ ಅವರು ಹೇಳಿದಾಗ ಎಲ್ಲರೂ ತಂತಮ್ಮ ಕುರ್ಚಿಗಳಲ್ಲಿ ಕೆಲಸದಲ್ಲಿ ಮುಳುಗಿದ್ದರು. ತನಗೆ ಮೊದಲೇ ಅನುಮಾನವಿತ್ತೆಂದು ಕ್ಯಾಷಿಯರ್ ಗೊಣಗಿದ.

ಯಜಮಾನರು ಮಾತ್ರ ಆ ಕೆರೆದ ಹಡಗನ್ನು ತಿರುಗಿಸಿ ತಿರುಗಿಸಿ ನೋಡಿ, ಕುಂಚಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮರುದಿನ ಅವರ ತಮ್ಮ ಬರುವವನಿದ್ದ, ಅಪ್ಪನ ಹಡಗು ತನಗೇ ಬೇಕೆಂದು.

"ಕೊಡೋಕೆ ನಂಗೆ ಮನಸ್ಸಿಲ್ಲ ಕಣಯ್ಯಾ. ಪ್ಲಾಸ್ಟಿಕ್ಕನ್ನ ಮರ ಮಾಡ್ತೀಯಲ್ಲ, ಮರಾನ ಪ್ಲಾಸ್ಟಿಕ್ ಮಾಡಿಕೊಡು. ಅಪ್ಪ ನಮ್ಮಿಬ್ಬರಿಗೂ ಟೋಪಿ ಹಾಕಿದ್ರು ಕಣೋ ಅಂತ ಅವನಿಗೆ ಹೇಳಿಬಿಡ್ತೀನಿ. ತೊಳೆದ್ರೆ ಹೋಗೋ ಬಣ್ಣಾನೇ ಹಾಕು. ಒಂದು ಗೀರು ಬಿದ್ರೂ ನೀನೇ ಜವಾಬ್ದಾರ."

ಕುಂಚಪ್ಪ ಎರಡು ಕಂಕುಳಲ್ಲಿ ಎರಡು ಹಡಗು ಅವುಚಿಕೊಂಡು ವಾಚನಾಲಯದ ಮುಂದೆಯೇ ನಡೆದು ಹೋದ. ಬಾಗಿಲಿಗೆ ಬೀಗ ಬಿದ್ದಿತ್ತು.

ಮನೆಯಲ್ಲಿ ಮೇಜು ತೆರವು ಮಾಡಿ, ಆಟಿಕೆಯ ಪ್ಲಾಸ್ಟಿಕ್ಕಿನಂಥ ತಿಳಿ ನೀಲಿ ಬಣ್ಣ ಕಲಸಿ ಕೂತ. ಯಜಮಾನರ ಹಡಗಿನ ಹಳೆಯ ಹೊಳಪಿನ ಮೇಲೆ ನೀರಿನ ಬಣ್ಣ ನಿಲ್ಲದೆ ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರಿತು. ಯಾರಿಗೂ ಕಾಣದ ತಳಭಾಗದಲ್ಲಿ ಒಂದಿಷ್ಟು ಹೊಳಪು ತೆಗೆದು ನೋಡೋಣವೆಂದು ಉಜ್ಜುಕಾಗದದಿಂದ ಮೆಲ್ಲಗೆ, ಬಲು ಮೆಲ್ಲಗೆ ಉಜ್ಜಿದ. ಕಂದು ಹೋಯಿತು. ಅದರಡಿ ಮಣ್ಣಿನ ಹಳದಿ ಬಂತು. ಅದರಡಿ ಬೆಳ್ಳಗೆ, ನುಣ್ಣಗೆ, ಪ್ಲಾಸ್ಟಿಕ್ಕು.

ಕಣ್ಣುಜ್ಜಿಕೊಂಡು ಪಕ್ಕದಲ್ಲಿ ಉಜ್ಜಿದ. ಅಲ್ಲೂ ಅದೇ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಒಂದು ಹಡಗಿನ ಬಿಳಿ ಕಲೆ ನೋಡಿದಳು, ಇನ್ನೊಂದರ ಬಿಳಿ ಕಲೆ ನೋಡಿದಳು. ಯಜಮಾನರು ಒಪ್ಪಿಸಿದ್ದು ಯಾವುದೆಂದು ಕೇಳಿದಳು. ಅವನು ದೊಡ್ಡದನ್ನು ತೋರಿಸಿದ.

ಅವಳು ಹೋಗಿ ಬೀದಿ ಬಾಗಿಲು ಹಾಕಿ ಬಂದಳು. ಆಮೇಲೆ, ನಾಳೆ ಬೆಳಿಗ್ಗೆ ಇಡೀ ಕಚೇರಿ ಕೇಳಲಿದ್ದುದನ್ನೇ, ದನಿ ತಗ್ಗಿಸಿ ಕೇಳಿದಳು:

"ನಿಜ ಹೇಳ್ರೀ. ಮರದ್ದನ್ನ ಎಲ್ಲಿಟ್ಟಿದ್ದೀರಿ?"