ಬಾಟಲಿ ಮೂಸಿದ ಸದಾನಂದರು

ಗೊತ್ತಿಲ್ಲದ ವಸ್ತುವಿಗೆ ಹೆದರಲೆಂದೇ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿರುವ ಮನುಷ್ಯ ನಾನು. ಪೊಲೀಸರು ಎಲ್ಲೆಲ್ಲಿಂದಲೋ ಹಿಡಿದು ತರುವ ಪುಡಿ, ದ್ರವಗಳು ಏನೆಂದು ಪರೀಕ್ಷಿಸಿ ಹೇಳುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಏನೆಂದು ತಿಳಿಯುವವರೆಗೆ ಪ್ರತಿಯೊಂದನ್ನೂ ಘೋರ ವಿಷವೆಂದೇ ಭಾವಿಸಬೇಕು. ಮೂಸಬಾರದು, ಅಲುಗಾಡಿಸಬಾರದು, ಒಬ್ಬರೇ ತೆರೆಯಬಾರದು. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಹಾಲು ಹುಳಿಯಾಗಿದೆಯೇ ನೋಡಿ ಎಂದು ಹೆಂಡತಿ ಪಾತ್ರೆ ಮುಂದೆ ಹಿಡಿದರೆ ನಾನು ಹಿಂದೆ ಸರಿದು ಕೈಗವಸು ಹುಡುಕುತ್ತೇನೆ. ಅಷ್ಟರಲ್ಲಿ ಅವಳೇ ಕುಡಿದು ನೋಡಿರುತ್ತಾಳೆ.

ಮೊನ್ನೆ ಕಾಪುವಿನಿಂದ ಹೆಡ್ ಕಾನ್‌ಸ್ಟೇಬಲ್ ಸದಾನಂದರು ಬಂದರು. ಪಾಳು ಶೆಡ್ಡೊಂದರಲ್ಲಿ ಸಿಕ್ಕಿದ, ಹೆಸರಿನ ಚೀಟಿಯೂ ಇಲ್ಲದ ಬಾಟಲಿಯನ್ನು ಮೇಜಿನ ಮೇಲಿಟ್ಟು, "ಮುಚ್ಚಳ ತೆಗೆದು ಮೂಸಿ ನೋಡಿದೆ ಸರ್. ಎಂತದ್ದು ಅಂತ ಗೊತ್ತಾಗ್ಲಿಲ್ಲ" ಎಂದರು, ನಮ್ಮ ಅರ್ಧ ಕೆಲಸ ಹಗುರ ಮಾಡಿದವರ ಹಾಗೆ.

ಬಾಟಲಿಯನ್ನು ಸಹೋದ್ಯೋಗಿ ಗ್ರೇಸಿಯವರಿಗೆ ಒಪ್ಪಿಸಿ, ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡೇ ತೆರೆಯಿರಿ ಎಂದು ಹೇಳಿ, ಸದಾನಂದರನ್ನು ಗಾಳಿ ಬರುವ ವರಾಂಡಕ್ಕೆ ಎಳೆದೊಯ್ದೆ. ತಲೆ ಸುತ್ತುತ್ತದಾ, ಕಣ್ಣು ಉರಿಯುತ್ತದಾ ಎಂದು ವಿಚಾರಿಸಿದೆ. "ಎಂತ ಇಲ್ಲ ಸರ್. ಮಗಳನ್ನು ಶಾಲೆಯಿಂದ ಕರ್ಕೊಂಡು ಬರ್ಲಿಕ್ಕುಂಟು, ಹೋಗ್ಲಾ?" ಎಂದರು. ಮಗಳ ಸುದ್ದಿ ಕೇಳಿದ ಮೇಲಂತೂ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೆಲವು ವಿಷಗಳು ನಿಧಾನವಾಗಿ ಏರುತ್ತವೆ, ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಕಾಲೇಜಿನಲ್ಲಿ ಓದಿದ್ದೆಲ್ಲ ಈಗ ಸಾಲಾಗಿ ನೆನಪಿಗೆ ಬಂತು. ಪರೀಕ್ಷೆಯ ದಿನ ಒಂದೂ ಬಂದಿರಲಿಲ್ಲ. ಶಾಲೆಗೆ ಹೋಗಲು ಅವರ ತಮ್ಮನಿಗೆ ಫೋನ್ ಮಾಡಿಸಿ, "ಸುಮ್ನೆ ಯಾಕೆ ಸರ್" ಎನ್ನುತ್ತಿದ್ದವರನ್ನು ರಿಕ್ಷಾ ಹತ್ತಿಸಿ ಮಣಿಪಾಲದ ಆಸ್ಪತ್ರೆಗೆ ಹೊರಟೆ.

ದಾರಿಯುದ್ದಕ್ಕೂ ಅವರ ಮುಖವನ್ನೇ ನೋಡುತ್ತ ಕುಳಿತಿದ್ದೆ. ಅವರು ಕಿಟಕಿಯಿಲ್ಲದ ರಿಕ್ಷಾದ ಗಾಳಿಗೆ ಆರಾಮವಾಗಿ ತೂಕಡಿಸಿದರು. ಅದು ತೂಕಡಿಕೆಯೋ, ಪ್ರಜ್ಞೆ ತಪ್ಪುತ್ತಿದೆಯೋ ಎಂದು ನನಗೆ ಭಯ. ಎರಡು ಸಲ ಅಲುಗಾಡಿಸಿ ಎಬ್ಬಿಸಿದೆ. ಅಷ್ಟರಲ್ಲಿ ನನ್ನ ಬಾಯಿ ಒಣಗಿತು, ಎದೆ ಡವಡವ ಎನ್ನತೊಡಗಿತು. ಆಸ್ಪತ್ರೆಯ ಮುಂದೆ ಇಳಿಯುವಾಗ ಕಣ್ಣು ಕತ್ತಲಿಟ್ಟಿತು. ಸದಾನಂದರೇ ನನ್ನನ್ನು ಹಿಡಿದುಕೊಂಡು ಒಳಗೆ ನಡೆಸಿದರು.

ನಾನು ಮಂಚದಲ್ಲಿ ಮಲಗಿದ್ದಾಗ ಗ್ರೇಸಿಯವರ ಫೋನ್ ಬಂತು. "ದೋಣಿ ರಿಪೇರಿಯವರು ಬಣ್ಣಕ್ಕೆ ಬೆರೆಸುವ ಥಿನ್ನರ್ ಸರ್. ಒಮ್ಮೆ ಮೂಸಿದ್ದಕ್ಕೆ ಹೆದರುವ ಅಗತ್ಯ ಇಲ್ಲ."

ಅದೇ ಹೊತ್ತಿಗೆ ಬಂದ ಡಾಕ್ಟರು ನನ್ನ ನಾಡಿ ಹಿಡಿದು, "ವಿಷ ಮೂಸಿದ್ದು ಇವರಾ?" ಎಂದು ಕೇಳಿದರು.

ಸದಾನಂದರು ಎದ್ದು ನಿಂತು ವಿನಯದಿಂದ ಹೇಳಿದರು: "ಅಲ್ಲ ಡಾಕ್ಟ್ರೇ, ಮೂಸಿದ್ದು ನಾನು. ಸರ್ ಅದರ ಬಗ್ಗೆ ಓದಿದ್ದಾರೆ."