ಅಕ್ಕೋರು ಲಿನಕ್ಸ್ ಹಂಚಿದರು, ನಾನು ಹೊಟ್ಟಿ ಉರಕೊಂಡೆ

ಹೊಟ್ಟೆ ಉರಿಯುವಂಥ ಪ್ರಸಂಗಗಳು ಬೇರೆಯವರಿಗೆ ಯಾವಾಗಾದರೊಮ್ಮೆ ಬರುತ್ತವಂತೆ. ನನಗೆ ಅವು ಹುಬ್ಬಳ್ಳಿ–ಗದಗ ಬಸ್ಸಿನ ಹಾಗೆ. ಒಂದು ಹೋಯಿತು ಅನ್ನುವಷ್ಟರಲ್ಲಿ ಹಿಂದೆಯೇ ಇನ್ನೊಂದು.

ಅಣ್ಣಿಗೇರಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಿಡುವಾದಾಗ ಜಿಲ್ಲೆಯ ಹನ್ನೊಂದು ಮಂದಿ ಕೂಡಿ ಕನ್ನಡದ್ದೇ ಒಂದು ಲಿನಕ್ಸ್ ಕಟ್ಟುತ್ತೇವೆ. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಯಾವ ಕಂಪನಿಯದೂ ಅಲ್ಲ, ಎಲ್ಲರೂ ಕೂಡಿ ಮಾಡಿದ್ದು, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಇಲ್ಲಿಯ ಕರಿ ಹೊಲದ ನೆನಪಿಗೆ ನಮ್ಮದಕ್ಕೆ 'ಎರಿ' ಅಂತ ಹೆಸರಿಟ್ಟಿದ್ದೇವೆ. ಅದರ ಪರದೆಯ ಮೇಲೆ ಬರುವ ಪ್ರತಿಯೊಂದು ಮಾತನ್ನೂ ಕನ್ನಡಕ್ಕೆ ತಂದವನು ನಾನು. ಒಂಬತ್ತು ವರ್ಷ ಕೂತು ಮಾಡಿದ ಕೆಲಸ. ಆ ಒಂಬತ್ತು ವರ್ಷದಲ್ಲಿ ಅದನ್ನು ಬಳಸಿದವರೂ ಹನ್ನೊಂದೇ ಮಂದಿ. ನನಗಂತೂ ಅದರಿಂದ ಏನೂ ತೊಂದರೆ ಇರಲಿಲ್ಲ.

ಆಮೇಲೆ ಅಕ್ಕೋರು ಬಂದರು. ಕಲಘಟಗಿ ಕಡೆಯ ಮಿಶ್ರಿಕೋಟಿಯವರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅಂತಲೇ ಅನ್ನುವುದು. ಮನೆಯ ಹಳೇ ಕಂಪ್ಯೂಟರಿಗೆ ಎರಿ ಹಾಕಿಸಿಕೊಂಡು ಅವರು ಹನ್ನೆರಡನೆಯವರಾದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

೧. ಬೋರ್ಡು

ನನ್ನ ಅಂಗಡಿಯಲ್ಲೇ ನಮ್ಮ ಮೀಟಿಂಗು. ಚಹಾ ಬರುವ ಮೊದಲೇ ಅಕ್ಕೋರು ಎದ್ದು ನಿಂತರು.

"ಇಷ್ಟ ಛಲೋ ಐತಿ, ಮಂದಿಗೆ ಯಾಕ ಹೇಳವಲ್ರಿ? ಪ್ರಚಾರ ಮಾಡೂಣ್ರಿ."

ನನಗೆ ಅಗದಿ ಸಿಟ್ಟು ಬಂತು. ಪ್ರಚಾರ ಮಾಡಲು ಇದೇನು ಹಲ್ಲುಪುಡಿಯೇ? ನಾನೂ ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಅಕ್ಕೋರ, ನಮ್ಮದು ಜ್ಞಾನದ ಕೆಲಸ. ಬೇಕಾದವರು ತಾವಾಗೇ ಹುಡುಕ್ಕೊಂಡ ಬರ್ತಾರ್ರಿ. ಹೊಸಬರನ್ನ ಕರದ್ರ ದಿನಾ ಅವರ ಪ್ರಶ್ನೆಗೆ ಉತ್ತರಾ ಹೇಳೂದ ಕೆಲಸ ಆಗ್ತೈತಿ. ಗುಣಾ ಇದ್ದಿದ್ದಕ್ಕ ಡಂಗುರ ಬ್ಯಾಡ."

ಎಲ್ಲರೂ ತಲೆಯಾಡಿಸಿದರು. ಗೆದ್ದೆ ಅಂದುಕೊಂಡು ಕೂತು, ಆಗಷ್ಟೇ ಬಂದ ಚಹಾ ಕೈಗೆತ್ತಿಕೊಂಡೆ.

ಅಕ್ಕೋರು ಬಾಗಿಲಿನಿಂದ ಹೊರಗೆ ಒಮ್ಮೆ ಇಣುಕಿ ಮೇಲೆ ನೋಡಿ ಬಂದರು. "ಹಂಗಾರ ನಿಮ್ಮ ಅಂಗಡಿ ಮ್ಯಾಲ ಇಷ್ಟ ದೊಡ್ಡ ಬೋರ್ಡ್ ಯಾಕ ಹಾಕೀರ್ರೀ? ಅದರಾಗ ಲೈಟ್ ಬ್ಯಾರೆ!"

ಹತ್ತು ಕೈ ಅಕ್ಕೋರ ಪರವಾಗಿ ಎದ್ದವು. ಹನ್ನೊಂದನೆಯ ಕೈಯಲ್ಲಿ ಚಹಾದ ಕಪ್ಪಿತ್ತು, ಅದು ನನ್ನದು.

೨. ಹಳೇದು ತರ್ರಿ

ಮುಂದಿನ ಸಂತೆಯ ದಿನ ಅಕ್ಕೋರು ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಬ್ಯಾನರು ಹಿಡಿದು ಸಂತೆಯ ಬಾಜು ಬಂದು ಕೂತರು. ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ "ಹಳೇದು ತರ್ರಿ, ಹೊಸಾ ಜೀವಾ ಒಯ್ರಿ" ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪ್ಯೂಟರಿನ ವಿಷಯ.

ಇದು ನೆಗೆದು ಬೀಳುವುದನ್ನು ಕಣ್ಣಾರೆ ನೋಡಬೇಕು ಅಂತ ನಾನು ಅಂಗಡಿ ಮುಚ್ಚಿಕೊಂಡು ಹೋಗಿ ಮೆಣಸಿನಕಾಯಿ ಚೀಲಗಳ ಹಿಂದೆ ನಿಂತೆ. ಸಣ್ಣ ಅಕ್ಷರ ಯಾರೂ ಓದಲಿಲ್ಲ. ಒಬ್ಬಾತ ಮಿಕ್ಸರ್ ತಂದ. ಇನ್ನೊಬ್ಬ ಔಷಧ ಹೊಡೆಯುವ ಪಂಪು ತಂದ. ನನಗೆ ಆನಂದವೋ ಆನಂದ, ನಡುನಡುವೆ ಸೀನು ಬೇರೆ.

ಅಷ್ಟರಲ್ಲಿ ಒಬ್ಬ ಅಜ್ಜಿ ತನ್ನ ಗಂಡನ ಕೈ ಹಿಡಿದು ಎಳೆದುಕೊಂಡು ಬಂದು ಟೇಬಲ್ಲಿನ ಮುಂದೆ ನಿಲ್ಲಿಸಿದಳು. "ಅಕ್ಕೋರ, ಇವರಿಗೇನರ ಆಗ್ತೈತೇನ್ ನೋಡ್ರಿ."

ಅಕ್ಕೋರು ನಗಲಿಲ್ಲ. ಅಜ್ಜನಿಗೆ ಕುರ್ಚಿ ಕೊಟ್ಟರು, ಲ್ಯಾಪ್‌ಟಾಪ್ ಅವನ ಮುಂದೆ ಸರಿಸಿ ಇಸ್ಪೀಟಿನ ಆಟ ತೆರೆದು ತೋರಿಸಿದರು. ಕನ್ನಡದಲ್ಲಿ 'ಎಲೆ ಹಾಕಿ' ಅಂತ ಬಂದದ್ದೇ ತಡ, ಅಜ್ಜ ನೆಟ್ಟಗೆ ಕೂತ. ಅವನ ಹಿಂದೆ ಗುಂಪು ಕೂಡಿತು. ಆವತ್ತು ಹದಿನೆಂಟು ಮಂದಿ ಹೆಸರು ಬರೆಸಿ ಹೋದರು.

ಸಂಜೆ ಅಜ್ಜಿ ತಿರುಗಿ ಬಂದಳು. "ಅಕ್ಕೋರ, ಜೀವಾ ಭಾಳ ಆತು, ಒಂಚೂರು ಕಮ್ಮಿ ಮಾಡ್ರಿ. ಮನಿಗೆ ಏಳವಲ್ರು."

೩. ಅಸಾಧು

ಹೊಸಬರು ಬಂದ ಮೇಲೆ ನನ್ನ ಕನ್ನಡಕ್ಕೆ ಕುತ್ತು ಬಂತು.

ಪಾಸ್‌ವರ್ಡ್ ತಪ್ಪಿದರೆ ಎರಿ ಏನನ್ನಬೇಕು ಅಂತ ನಾನು ನಾಲ್ಕು ದಿನ ಯೋಚನೆ ಮಾಡಿ ಬರೆದಿದ್ದೆ: "ತಾವು ನಮೂದಿಸಿದ ಗುಪ್ತಪದವು ಅಸಾಧುವಾಗಿದೆ." ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತಿತ್ತು.

ಒಂದು ದಿನ ಕಿರಾಣಿ ಅಂಗಡಿಯವರೊಬ್ಬರು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದರು. ಮುಖ ಸಣ್ಣದಾಗಿತ್ತು.

"ಸರ್, ಇದನ್ನ ತಗದಬಿಡ್ರಿ. ಮುಂಜಾನೆದ್ದ ಕೂಡಲೇ ಬೈತೈತಿ."

"ಏನಂತ ಬೈತೈತ್ರಿ?"

"ನೀ ಅಸಾಧು ಅಂತೈತ್ರಿ. ನಾ ಸಾಧು ಅಲ್ಲ, ಖರೆ. ಆದ್ರ ಅದನ್ನ ಹೇಳಾಕ ಮನ್ಯಾಗ ಮಂದಿ ಅದಾರ, ಮತ್ತ ಮಶೀನ್ ಯಾಕ ಬೇಕ್ರಿ?"

ಸುದ್ದಿ ಮಿಶ್ರಿಕೋಟಿಗೆ ಮುಟ್ಟಿತು. ಮರುದಿನವೇ ಅಕ್ಕೋರು ಹೊಸ ಸಾಲು ಕಳಿಸಿದರು: "ಪಾಸ್‌ವರ್ಡ್ ತಪ್ಪೈತ್ರಿ, ಇನ್ನೊಮ್ಮೆ ನೋಡ್ರಿ." ಮತಕ್ಕೆ ಹಾಕಿದರು, ಹನ್ನೊಂದಕ್ಕೆ ಒಂದು. ನನ್ನ ನಾಲ್ಕು ದಿನದ ಸಾಲು ಹೋಯಿತು.

ಆವತ್ತು ನನಗೆ ಊಟ ಸೇರಲಿಲ್ಲ. ಸುಳ್ಳೇಕೆ, ಅಕ್ಕೋರ ಸಾಲು ಛಲೋ ಇತ್ತು, ಅದಕ್ಕೇ ಸೇರಲಿಲ್ಲ. ಹೆಂಡತಿ ಏನಾಯಿತು ಅಂತ ಕೇಳಿದಳು. ಎರಡೂ ಸಾಲು ಓದಿ ಹೇಳಿದೆ. ಸಮಾಧಾನ ಹೇಳುತ್ತಾಳೆ ಅಂತ ಕಾದೆ.

"ಅಯ್ಯ, ಇಷ್ಟ ಇತ್ತೇನ್ರಿ?" ಅಂದಳು. "ಇಷ್ಟ ವರ್ಷ ನೀವು ಏನೋ ಮಂತ್ರಾ ಬರಿಯಾಕತ್ತೀರಿ ಅನ್ಕೊಂಡು ನಾ ಸುಮ್ಮನಿದ್ದೆ."

೪. ಕರ್ನಲ್

ಅಕ್ಕೋರು ಮಾಡಿದ್ದನ್ನು ನಾನು ಮಾಡಲಾರೆನೇ? ಯಾರಿಗೂ ಹೇಳದೆ ನಾನೇ ಒಂದು ಕರಪತ್ರ ಬರೆದು, ಅಚ್ಚು ಹಾಕಿಸಿ, ಬಸ್ಸು ಹತ್ತಿ ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ಮನೆಮನೆಗೆ ಹಂಚಿ ಬಂದೆ. ಕಂಪ್ಯೂಟರಿನ ಒಳಗೆ ಎಲ್ಲವನ್ನೂ ಹಿಡಿತದಲ್ಲಿಡುವ ತಿರುಳಿಗೆ ಇಂಗ್ಲಿಷಿನಲ್ಲಿ ಕರ್ನಲ್ ಅನ್ನುತ್ತಾರೆ. ಹಾಗಾಗಿ ದೊಡ್ಡದಾಗಿ ಬರೆದಿದ್ದೆ: "ನಮ್ಮಲ್ಲಿ ಎಲ್ಲವೂ ಕರ್ನಲ್‌ನ ಅಪ್ಪಣೆಯಂತೆ. ಬಲಿಷ್ಠ ಕರ್ನಲ್! ಎಂದೂ ಮಲಗದ ಕರ್ನಲ್! ಇಂದೇ ಬಂದು ಕಾಣಿರಿ."

ಒಂದು ವಾರ ಯಾರೂ ಬರಲಿಲ್ಲ. ಎಂಟನೆಯ ದಿನ ಒಬ್ಬರು ಬಂದರು. ದೇವಿಕೊಪ್ಪದ ನಿವೃತ್ತ ಸೈನಿಕರು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಸಾಲಾಗಿ ಪದಕಗಳು, ಕನ್ನಡಿಯಂಥ ಬೂಟು. ಬಾಗಿಲಲ್ಲಿ ಕಾಲು ಜೋಡಿಸಿ ನೆಟ್ಟಗೆ ನಿಂತರು.

"ಕರ್ನಲ್ ಸಾಹೇಬ್ರು ಅದಾರೇನ್ರಿ?"

ತಿಳಿಸಿ ಹೇಳಲು ನನಗೆ ಅರ್ಧ ತಾಸು ಬೇಕಾಯಿತು. ಪಾಪ, ಎರಡು ಬಸ್ಸು ಬದಲಿಸಿ ಬಂದಿದ್ದರು. ಬರಿಗೈಲಿ ಕಳಿಸಬಾರದು ಅಂತ ಕಂಪ್ಯೂಟರ್ ಹಚ್ಚಿ, ಒಳಗಿರುವ ಕರ್ನಲ್ ಇದೇ ನೋಡ್ರಿ ಅಂತ ಪರದೆ ತೋರಿಸಿದೆ. ಅವರು ಎರಡು ನಿಮಿಷ ದಿಟ್ಟಿಸಿ ನೋಡಿದರು. ಆಮೇಲೆ ಕಂಪ್ಯೂಟರಿಗೇ ಒಂದು ಸೆಲ್ಯೂಟ್ ಹೊಡೆದರು.

ಹೋಗುವಾಗ ಕೇಳಿದರು: "ಮಿಶ್ರಿಕೋಟಿ ಅಕ್ಕೋರು ಹಂಚೂದೂ ಇದ ಏನ್ರಿ? ಹಂಗಾರ ಅಲ್ಲೇ ಹಾಕಿಸ್ಕೋತೀನಿ ಬಿಡ್ರಿ. ನಮಗ ಒಂದ ಬಸ್ಸ ಆಗ್ತೈತಿ."

೫. ಉತ್ತಮ ಹೊಸಬ

ಇನ್ನು ಮುಚ್ಚಿಡುವುದೇನಿದೆ, ನಾನು ಮಾಡಿದ ಅತಿ ಕೆಟ್ಟ ಕೆಲಸವನ್ನೂ ಹೇಳಿಬಿಡುತ್ತೇನೆ.

ಹೊಸಬರಿಗಾಗಿ ಅಕ್ಕೋರು ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ನಾನು ಫೋನಿಗೆ ಎರಡನೇ ಸಿಮ್ ಹಾಕಿ, 'ಕುಂದಗೋಳ ರೈತ' ಅಂತ ಹೆಸರಿಟ್ಟುಕೊಂಡು ಒಳಗೆ ಸೇರಿದೆ. ಹುಚ್ಚುಹುಚ್ಚು ಪ್ರಶ್ನೆ ಕೇಳಿ ಅಕ್ಕೋರ ತಲೆ ಕೆಡಿಸುವುದು, ಹೊಸಬರ ಸಹವಾಸ ಸಾಕಪ್ಪಾ ಅಂತ ಅವರ ಬಾಯಿಂದಲೇ ಅನ್ನಿಸುವುದು ನನ್ನ ವಿಚಾರ.

"ಮೌಸ್ ಎಡಕ್ಕ ಒಯ್ದ್ರ ಬಾಣ ಬಲಕ್ಕ ಹೊಂಟೈತ್ರಿ" ಅಂತ ಬರೆದೆ.

ನಮ್ಮ ಹಳೆಯ ಗುಂಪಿನಲ್ಲಾಗಿದ್ದರೆ 'ಕೈಪಿಡಿ ಓದ್ರಿ' ಅಂದು ಮುಗಿಸುತ್ತಿದ್ದೆವು. ಅನ್ನುತ್ತಿದ್ದವನೂ ನಾನೇ. ಇಲ್ಲಿ ಅಕ್ಕೋರಿಗಿಂತ ಮೊದಲು ಒಬ್ಬ ಹೆಣ್ಣುಮಗಳ ಉತ್ತರ ಬಂತು. ಮಿಶ್ರಿಕೋಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ, ಕಲಿಯಲು ಶುರುಮಾಡಿ ಎರಡೇ ತಿಂಗಳಾಗಿತ್ತು.

"ಅಣ್ಣಾರ, ಮೌಸ್ ಉಲ್ಟಾ ಹಿಡದಿರಬೇಕು. ಬಾಲಾ ಮುಂದಿರಲಿ. ಅಂಜಬ್ಯಾಡ್ರಿ, ನನಗೂ ಮೊದಲ ಹಂಗ ಆಗಿತ್ತು."

ದಿನಾ ಕೇಳಿದೆ, ದಿನಾ ಹೇಳಿದಳು. ಚಿತ್ರ ಬರೆದು ಕಳಿಸಿದಳು. ಗಿರಣಿಯ ಸದ್ದಿನ ನಡುವೆ ಕೂಗಿ ಕೂಗಿ ಧ್ವನಿ ಕಳಿಸಿದಳು. ಎರಡು ದಿನ ನಾನು ಸುಮ್ಮನಿದ್ದರೆ "ಅಣ್ಣಾರ, ಆರಾಮ ಅದೀರಿಲ್ಲೋ?" ಅಂತ ಕೇಳಿದಳು. ಇಷ್ಟು ವರ್ಷದಲ್ಲಿ ನಮ್ಮ ಗುಂಪಿನಲ್ಲಿ ನನ್ನನ್ನು ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ಕಾಡಿಸಲು ಹೋದವನು ಮುಂಜಾನೆ ಎದ್ದು ಮೊದಲು ಆ ಗುಂಪನ್ನೇ ನೋಡತೊಡಗಿದೆ. ಅವರಿಗೆಲ್ಲ ಬೇಜಾರಾಗಬಾರದು ಅಂತ ಸ್ವಲ್ಪಸ್ವಲ್ಪವಾಗಿ ಕಲಿತವನ ಹಾಗೂ ಮಾಡಿದೆ.

ಅಲ್ಲೇ ಎಡವಟ್ಟಾಯಿತು. ಒಂದು ದಿನ ಅಕ್ಕೋರು ನನ್ನ ಅಸಲಿ ನಂಬರಿಗೆ ಫೋನ್ ಮಾಡಿದರು. "ಸರ್, ಐತವಾರ ನಮ್ಮ ಶಾಲ್ಯಾಗ ಕಾರ್ಯಕ್ರಮ. ಕುಂದಗೋಳದವರೊಬ್ರು ಭಾಳ ಕಷ್ಟಪಟ್ಟು ಕಲ್ತಾರ. ಅವರಿಗೆ ಉತ್ತಮ ಹೊಸಬ ಅಂತ ಸನ್ಮಾನ. ನೀವು ಹಿರಿಯರು, ಶಾಲು ನೀವ ಹೊಚ್ಚಬೇಕು."

ಬರುವುದಿಲ್ಲ ಅಂದರೆ ಹೊಟ್ಟೆಕಿಚ್ಚು ಅಂತಾರೆ. ಹೋದೆ.

ಶಾಲೆಯ ತುಂಬ ಮಂದಿ. ಅಣ್ಣಿಗೇರಿಯ ಕಂಪ್ಯೂಟರ್ ಅಂಗಡಿಯವರು ಅಂತ ಅಕ್ಕೋರು ಪರಿಚಯ ಹೇಳಿದರು, ನಾನು ಶಾಲು ಹಿಡಿದು ಮೈಕಿನ ಮುಂದೆ ನಿಂತೆ. ಅಕ್ಕೋರು ಮೂರು ಸಲ ಕುಂದಗೋಳದ ರೈತರನ್ನು ಕರೆದರು. ಯಾರೂ ಬರಲಿಲ್ಲ. ನಾನೂ ಎಲ್ಲರ ಜೊತೆ ಬಾಗಿಲಿನ ಕಡೆ ನೋಡಿದೆ.

"ಫೋನ್ ಹಚ್ಚಿ ನೋಡ್ತೀನ್ರಿ" ಅಂದರು ಅಕ್ಕೋರು.

ನನ್ನ ಕಿಸೆ ಬಡಕೊಳ್ಳತೊಡಗಿತು. ಮೈಕು ಬಾಜುವೇ ಇದ್ದದ್ದರಿಂದ ಇಡೀ ಮಿಶ್ರಿಕೋಟಿಗೆ ಕೇಳಿಸಿತು. ಅಕ್ಕೋರು ಫೋನ್ ಕಟ್ ಮಾಡಿದರು, ನಿಂತಿತು. ಮತ್ತೆ ಹಚ್ಚಿದರು, ಮತ್ತೆ ಬಡಕೊಂಡಿತು. ಅವರು ತಮ್ಮ ಫೋನ್ ಕೆಳಗಿಟ್ಟರು. ನನ್ನ ಕೈಯಿಂದ ಶಾಲು ಇಸಿದುಕೊಂಡು ನನಗೇ ಹೊಚ್ಚಿದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮೂರನೇ ಸಾಲಿನಿಂದ ಗಿರಣಿಯಾಕೆ ಎದ್ದು ನಿಂತಳು. ಮುಖದ ತುಂಬ ಹೆಮ್ಮೆ. ಬಾಜು ಕೂತವರಿಗೆಲ್ಲ ನನ್ನ ಕಡೆ ಬೆರಳು ಮಾಡಿ ತೋರಿಸಿದಳು.

"ಏ ನೋಡ್ರಿ, ಇವರ ನಮ್ಮ ಅಣ್ಣಾರು! ಇವರಿಗೆ ಮೌಸ್ ಹಿಡಿಯೂದು ನಾ ಕಲಿಸೀನಿ!" ಆಮೇಲೆ ನನಗೇ ಕೂಗಿ ಹೇಳಿದಳು: "ಅಣ್ಣಾರ, ಅಂಗಡಿ ಬ್ಯಾರೆ ತಗದೀರಂತ? ಅವಸರ ಮಾಡಬ್ಯಾಡ್ರಿ, ಇನ್ನೊಂದೆರಡ ತಿಂಗಳು ಕಲ್ತು ಆಮ್ಯಾಲ ತಗೀರಿ!"