ದೊಡ್ಡಪ್ಪನ ಆರ್ಪ್ಸಿಕಾರ್ಡು

ನಮ್ಮ ದೊಡ್ಡಪ್ಪ ನನ್ನ ಎರಡು ಬೇಸಿಗೆ ರಜೆಗಳನ್ನು ಹಾಡಹಗಲೇ ಕದ್ದಿದ್ದಾರೆ. ಸ್ಟೇಷನ್ನಿಗೆ ಹೋಗಿ ದೂರು ಕೊಡೋಣವೆಂದರೆ ಕಳುವಾದ ಮಾಲು ಏನು ಎಂದು ಕೇಳುತ್ತಾರೆ. ರಜೆ ಎಂದರೆ ಯಾವ ಪೊಲೀಸಪ್ಪ ತಾನೇ ಬರೆದುಕೊಂಡಾನು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದಿದವರೇ ನ್ಯಾಯ ಹೇಳಬೇಕು.

ನಾನು ತಮಿಳುನಾಡಿನ ಕಾರಿಮಂಗಲಂನಲ್ಲಿ ಗಣಿತದ ಟೀಚರು. ಹತ್ತು ತಿಂಗಳು ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳು ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಮಲಗಿ ಮಾವಿನಹಣ್ಣು ತಿನ್ನಬೇಕೆಂದು ಆಸೆಪಟ್ಟರೆ ಅದು ತಪ್ಪೇ? ದೊಡ್ಡಪ್ಪ ಸೇಲಂನವರು, ಬಸ್ಸು ಓಡಿಸಿ ರಿಟೈರ್ ಆದವರು. ರಿಟೈರ್ ಆದ ಡ್ರೈವರುಗಳು ಸಾಮಾನ್ಯವಾಗಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದೇಶ ಆಳುತ್ತಾರೆ, ಇಲ್ಲವೇ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುತ್ತಾರೆ. ಇವರು ಏನು ಮಾಡಿದರು? ಪಕ್ಕದ ಬೆಟ್ಟದೂರು ಏರ್ಕಾಡಿನ ಟೀ ಅಂಗಡಿಯೊಂದರ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯನ್ನು ಕಿತ್ತುಕೊಂಡು ಮನೆಗೆ ಬಂದರು. ಬೆಟ್ಟದ ಬಂಗಲೆಯೊಂದರಲ್ಲಿ ಮೂರು ವಾರದ ಬೇಸಿಗೆ ಶಿಬಿರ, ಹಾರ್ಪ್ಸಿಕಾರ್ಡ್ ಎಂಬ ವಿದೇಶಿ ವಾದ್ಯ ನುಡಿಸುವುದನ್ನು ಕಲಿಸಲಾಗುವುದು, ಏನೂ ಗೊತ್ತಿಲ್ಲದವರೂ ಬರಬಹುದು ಎಂದು ಅದರಲ್ಲಿ ಬರೆದಿತ್ತು. ಆ ಶಿಬಿರಕ್ಕೆ ಐದೇ ಜನ ಬಂದಿದ್ದು ಏಕೆಂದು ಆಮೇಲೆ ನನಗೆ ಹೊಳೆಯಿತು. ಚೀಟಿ ನಮ್ಮ ಮನೆಯಲ್ಲಿದ್ದರೆ ಬೇರೆಯವರಿಗೆ ತಿಳಿಯುವುದಾದರೂ ಹೇಗೆ?

ನನಗೆ ಫೋನು ಬಂತು. "ಮಗಾ, ಇಪ್ಪತ್ತು ದಿವ್ಸ. ಕಲ್ಸೋ ಆವಮ್ಮ ಇಂಗ್ಲೀಸು ಮಾತಾಡ್ತದೆ. ನೀನು ಬಂದು ನಂಗೆ ಅರ್ಥ ಏಳ್ಬೇಕು." ಯಾಕೆ ದೊಡ್ಡಪ್ಪ, ಇದೆಲ್ಲ ಯಾಕೆ ಎಂದು ಕೇಳಿದೆ. "ಸುಮ್ಕೆ" ಎಂದರು. ಸುಮ್ಮನೆಯಂತೆ!

ಹಾರ್ಪ್ಸಿಕಾರ್ಡ್ ಎಂಬ ಹೆಸರು ಸೇಲಂ ಕಡೆಯ ಕನ್ನಡದ ನಮ್ಮ ಮಂದಿಯ ಬಾಯಲ್ಲಿ ಹೊರಳುವುದಿಲ್ಲ. ಹಕಾರವನ್ನು ನಾವು ತಲೆತಲಾಂತರದಿಂದ ನುಂಗಿಕೊಂಡೇ ಬಂದವರು. ದೊಡ್ಡಮ್ಮ ಬೀದಿಯಲ್ಲಿ ನಮ್ಮ ಯಜಮಾನರು ಆರ್ಪ್ಸಿಕಾರ್ಡಿಗೆ ಓಗ್ತಾವ್ರೆ ಎಂದು ಹೇಳಿಕೊಂಡು ಬಂದರು. ಮರುದಿನ ಬೆಳಿಗ್ಗೆ ಎದುರು ಮನೆಯಾಕೆ ರೇಷನ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಕಾರ್ಡಿಗೆ ತಿಂಗಳಿಗೆ ಏನೇನು ಕೊಡುತ್ತಾರೆ, ತಮ್ಮ ಹೆಸರನ್ನೂ ಸೇರಿಸಬೇಕು ಎಂದರು. ದೊಡ್ಡಪ್ಪ ತಾಳ್ಮೆಯಿಂದ, ಇದಕ್ಕೆ ಕಾಗದ ಪತ್ರ ಬೇಡಮ್ಮ, ಬೆರಳು ಚೆನ್ನಾಗಿದ್ದರೆ ಸಾಕು ಎಂದು ವಿವರಿಸಿದರು. ಆಕೆಗೆ ಸಮಾಧಾನವಾಯಿತು. ಬೆರಳಚ್ಚು ತಾನೇ, ಹತ್ತೂ ಬೆರಳಿನದನ್ನು ಕೊಡುತ್ತೇನೆ ಎಂದರು.

ಮೊದಲ ಬೇಸಿಗೆ ನಾವಿಬ್ಬರೂ ಏರ್ಕಾಡಿನಲ್ಲಿ ಬಾಡಿಗೆ ರೂಮು ಹಿಡಿದೆವು. ಬಂಗಲೆ ಊರಿನಿಂದ ಆಚೆ, ಕಾಫಿ ಎಸ್ಟೇಟುಗಳ ನಡುವೆ, ರಸ್ತೆಯ ಮೇಲಿನ ದಿಬ್ಬದಲ್ಲಿತ್ತು. ಕಲಿಸುವ ಟೀಚರಮ್ಮನಿಗೆ ಎಪ್ಪತ್ತು ದಾಟಿತ್ತು. ಒಬ್ಬರೇ ಇದ್ದರು. ಅವರ ತಮಿಳು ತರಕಾರಿ ಕೊಳ್ಳಲು ಸಾಲುವಷ್ಟು ಮಾತ್ರ. ವಾದ್ಯ ನೋಡಲು ಸಣ್ಣ ಪಿಯಾನೋದಂತೆ ಇತ್ತು. ಆದರೆ ಒಳಗೆ ಸುತ್ತಿಗೆ ಇಲ್ಲ. ಕೀ ಒತ್ತಿದರೆ ಸಣ್ಣದೊಂದು ಮೊನೆ ಎದ್ದು ತಂತಿಯನ್ನು ಮೀಟುತ್ತದೆ. ಬೆಟ್ಟದ ಮಂಜಿಗೆ ತಂತಿಗಳೆಲ್ಲ ಶ್ರುತಿ ಬಿಡುವುದರಿಂದ ದಿನಾ ಬೆಳಿಗ್ಗೆ ಒಂದೂವರೆ ಗಂಟೆ ಅದರ ಕಿವಿ ಹಿಂಡುವುದೇ ಕೆಲಸ. ಇದಕ್ಕಾಗಿ ನಾನು ಮಾವಿನಹಣ್ಣು ಬಿಟ್ಟು ಬಂದಿದ್ದೆ!

ದೊಡ್ಡಪ್ಪ ಮೊದಲ ದಿನ ಕೀಗಳನ್ನು ಕ್ಲಚ್ಚಿನಂತೆ ಅದುಮಿದರು. ಎಷ್ಟು ಜೋರಾಗಿ ಒತ್ತಿದರೂ ಈ ವಾದ್ಯದ ದನಿ ಜಾಸ್ತಿಯಾಗುವುದಿಲ್ಲ, ಮೆಲ್ಲಗೆ ಒತ್ತಿದರೆ ಕಮ್ಮಿಯಾಗುವುದೂ ಇಲ್ಲ ಎಂದು ಟೀಚರಮ್ಮ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ದೊಡ್ಡಪ್ಪನಿಗೆ ಬಹಳ ಮೆಚ್ಚುಗೆಯಾಯಿತು. ಇದರ ಹತ್ತಿರ ಯಾರ ರುಬಾಬೂ ನಡೆಯುವುದಿಲ್ಲ ಎಂದರು. ಎಡಗೈ ಒಂದು ದಾರಿ ಬಲಗೈ ಒಂದು ದಾರಿ ಹೋಗಬೇಕೆಂದಾಗ ಜೊತೆಗಿದ್ದ ನಾಲ್ಕು ಕಾಲೇಜು ಮಕ್ಕಳು ಒಂದು ವಾರ ಒದ್ದಾಡಿದರು. ನಾನು ಹೇಗೆ ವಿವರಿಸಲಿ ಎಂದು ಯೋಚಿಸುತ್ತಿರುವಾಗಲೇ ದೊಡ್ಡಪ್ಪ, ಒಂದು ಕೈ ಸ್ಟೇರಿಂಗು, ಒಂದು ಕೈ ಗೇರು, ಮುಂದಕ್ಕೆ ಹೇಳು ಎಂದುಬಿಟ್ಟರು.

ಕೈಯದು ಸರಿ, ಕಾಲಿನದು? ಹಾರ್ಪ್ಸಿಕಾರ್ಡಿನಲ್ಲಿ ಕಾಲಿಗೆ ಕೆಲಸವಿಲ್ಲ. ಆದರೆ ಪ್ರತಿ ಸಾಲು ಮುಗಿದು ರಾಗ ನಿಲ್ಲುವ ಕಡೆ ದೊಡ್ಡಪ್ಪನ ಬಲಗಾಲು ಧಡ್ ಎಂದು ಮರದ ನೆಲವನ್ನು ಒದೆಯುತ್ತಿತ್ತು. ಏನಿದು ಎಂದು ಟೀಚರಮ್ಮ ಬೆಚ್ಚಿಬಿದ್ದರು. ಇವರು ಡ್ರೈವರು, ಅದು ಬ್ರೇಕು ಎಂದೆ. ಅವರು ಕಾಲಿನ ಕೆಳಗೆ ಒಂದು ದಿಂಬು ಇಡಿಸಿದರು. ಮೂರನೇ ದಿನಕ್ಕೆ ದಿಂಬಿನ ಹತ್ತಿ ಹೊರಬಂತು. ಇನ್ನೊಂದು ದಿಂಬು ತಂದು ಬಲಗಾಲಿಗೆ ಇಟ್ಟರೆ ಅಷ್ಟರಲ್ಲಿ ಎಡಗಾಲೂ ಶುರುವಾಗಿತ್ತು. ನಾನು ರೇಗಿದೆ. ಕ್ಲಚ್ ಒತ್ತದೆ ಬ್ರೇಕ್ ಹಾಕಿದರೆ ವಂಡಿ ಆಫ್ ಆಗುವುದಿಲ್ಲವೇ ಎಂದು ಅವರು ನನ್ನನ್ನೇ ಕೇಳಿದರು.

ಶಿಬಿರ ಮುಗಿಯಿತು, ಪೀಡೆ ಕಳೆಯಿತು ಎಂದುಕೊಂಡೆ. ಎಲ್ಲಿ ಕಳೆಯಿತು? ಸೇಲಂಗೆ ಬಂದವರೇ ಒಂದು ಹಲಗೆಯ ಮೇಲೆ ಕಪ್ಪು ಬಿಳಿ ಬಣ್ಣದಲ್ಲಿ ಕೀಗಳನ್ನು ಬರೆದುಕೊಂಡರು. ವರ್ಷವಿಡೀ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸದ್ದಿಲ್ಲದ ಸಂಗೀತ. ದೊಡ್ಡಮ್ಮ ಒಂದು ದಿನ ಅದನ್ನು ಒಳ್ಳೆ ಹಲಗೆ ಎಂದು ಬೆಂಡೆಕಾಯಿ ಹೆಚ್ಚಲು ಬಳಸಿದರು. ಆವತ್ತು ಸಂಜೆ ದೊಡ್ಡಪ್ಪನ ಬೆರಳುಗಳು ಒಂದು ಕೀಯಿಂದ ಇನ್ನೊಂದಕ್ಕೆ ಹೋಗದೆ ಅಂಟಿಕೊಂಡವಂತೆ.

ಇದರಲ್ಲಿ ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಹಿಂದಿನ ಕಾಲದಲ್ಲಿ ತಂತಿ ಮೀಟುವ ಮೊನೆಯನ್ನು ಕಾಗೆಗರಿಯಿಂದ ಮಾಡುತ್ತಿದ್ದರು, ಈಗ ಪ್ಲಾಸ್ಟಿಕ್ ಬಂದಿದೆ ಎಂದು ಟೀಚರಮ್ಮ ಮಾತಿಗೆ ಹೇಳಿದ್ದನ್ನು ನಾನು ಬಾಯಿ ಮುಚ್ಚಿಕೊಂಡಿರದೆ ಅನುವಾದಿಸಿಬಿಟ್ಟಿದ್ದೆ. ದೊಡ್ಡಪ್ಪ ಗರಿಯ ಆಸೆಗೆ ದಿನಾ ಮಾಳಿಗೆಯ ಮೇಲೆ ಕಾಗೆಗಳಿಗೆ ಅನ್ನ ಹಾಕತೊಡಗಿದರು. ಬೀದಿಯವರು ಮೊದಲ ದಿನ ಯಾರ ತಿಥಿ ಎಂದು ಕೇಳಿದರು. ದಿನಾ ತಿಥಿ ನಡೆಯುವುದನ್ನು ಕಂಡು, ಮಕ್ಕಳನ್ನು ನಂಬದೆ ತಮ್ಮದನ್ನು ತಾವೇ ಮುಂಗಡವಾಗಿ ಮಾಡಿಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿದರು. ದೊಡ್ಡಮ್ಮ ಒಂದು ವಾರ ದೊಡ್ಡಪ್ಪನೊಡನೆ ಮಾತು ಬಿಟ್ಟರು. ಕಾಗೆಗಳು ತಿಂದು ಕೋಳಿಗಳಂತಾದವು. ಒಂದೇ ಒಂದು ಗರಿ ಉದುರಲಿಲ್ಲ.

ಎರಡನೆಯ ಬೇಸಿಗೆಗೂ ನಾನು ಹೋದೆ. ಬರುವುದಿಲ್ಲ ಎಂದು ಹೇಳಲು ಸೇಲಂಗೆ ಹೋದವಳು ಅವರ ಜೊತೆ ಬೆಟ್ಟದ ಬಸ್ಸು ಹತ್ತಿದ್ದೆ. ಹೇಗೆ ಹತ್ತಿದೆನೋ ನನಗೆ ಇನ್ನೂ ಅರ್ಥವಾಗಿಲ್ಲ.

ಹತ್ತನೇ ದಿನ ಟೀಚರಮ್ಮ ನನ್ನೊಬ್ಬಳನ್ನೇ ವರಾಂಡಕ್ಕೆ ಕರೆದರು. ದನಿ ತಗ್ಗಿಸಿ, ಇವರು ತುಂಬ ಒಳ್ಳೆಯವರು, ಆದರೆ ಬೆರಳು ಬಗ್ಗುವ ವಯಸ್ಸು ದಾಟಿಹೋಗಿದೆ ಎಂದರು. ಕೊನೆಯ ದಿನ ಜನರ ಮುಂದೆ ನುಡಿಸಲು ಹೋಗಿ ಅವಮಾನ ಪಡುವುದು ಬೇಡ, ಉಳಿದ ದಿನ ಸುಮ್ಮನೆ ಕೂತು ಕೇಳಲಿ, ನೋವಾಗದ ಹಾಗೆ ನೀನೇ ಹೇಳು ಎಂದರು.

ನನಗೆ ಸಂತೋಷವಾಗಬೇಕಿತ್ತು. ಹತ್ತು ದಿನದ ರಜೆ ಉಳಿಯಿತಲ್ಲ! ಆದರೆ ನನಗೆ ಬಂದದ್ದು ಸಿಟ್ಟು. ಬೆರಳು ಬಗ್ಗುವುದಿಲ್ಲವಂತೆ. ಆ ಬೆರಳಿನವರು ಮೂವತ್ತು ವರ್ಷ ಈ ಬೆಟ್ಟದ ತಿರುವುಗಳಲ್ಲಿ ಒಂದು ಜೀವಕ್ಕೂ ಪೆಟ್ಟಾಗದಂತೆ ಬಸ್ಸು ಓಡಿಸಿದವರು. ದೊಡ್ಡಪ್ಪ ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು.

"ಏನಂತೆ ಮಗಾ?"

"ಇನ್ನೊಂದು ಚೂರು ನಿಧಾನಕ್ಕೆ ಬಾರ್ಸ್ಬೇಕಂತೆ ದೊಡ್ಡಪ್ಪ. ಅಷ್ಟೇಯ."

"ಅಷ್ಟೇನಾ? ಸರಿ ಬಿಡು."

ಟೀಚರಮ್ಮನ ಕಡೆ ತಿರುಗಿ, ಒಂದು ಸುಲಭದ ಹಾಡು ಕೊಟ್ಟರೆ ಖಂಡಿತ ನುಡಿಸುತ್ತಾರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಎರಡು ಪುಟದ, ಬಹಳ ನಿಧಾನದ ಒಂದು ಹಾಡು ತಂದುಕೊಟ್ಟರು.

ಅಲ್ಲಿಂದ ನನ್ನ ರಜೆಯನ್ನು ಕದ್ದವಳು ನಾನೇ. ಬೆಳಿಗ್ಗೆ ಐದಕ್ಕೆ ಅವರನ್ನು ಎಬ್ಬಿಸಿ, ಜೊತೆಗೆ ತಂದಿದ್ದ ಹಲಗೆಯ ಮುಂದೆ ಕೂರಿಸಿದೆ. ಒಂದು ಎರಡು ಮೂರು ಎಂದು ಗಣಿತದ ಟೀಚರಾಗಿ ಎಣಿಸಿದೆ. ತಪ್ಪಿದರೆ ಗದರಿದೆ. ನಿನ್ನ ಕ್ಲಾಸಿನ ಮಕ್ಕಳನ್ನು ನೆನೆದರೆ ಅಯ್ಯೋ ಅನಿಸುತ್ತದೆ ಎಂದು ದೊಡ್ಡಪ್ಪ ಗೊಣಗಿದರು.

ಕೊನೆಯ ದಿನ ಮಧ್ಯಾಹ್ನ ಬಂಗಲೆಯ ಹಾಲಿನಲ್ಲಿ ಇಪ್ಪತ್ತು ಕುರ್ಚಿ ಹಾಕಿದ್ದರು. ಕಾಲೇಜು ಮಕ್ಕಳ ಅಪ್ಪ ಅಮ್ಮ, ಅಕ್ಕಪಕ್ಕದ ಎಸ್ಟೇಟಿನವರು ಬಂದಿದ್ದರು. ದೊಡ್ಡಪ್ಪ ಬಿಳಿ ಪಂಚೆ ಉಟ್ಟು ಕೊನೆಯವರಾಗಿ ಕೂತರು. ಅವರು ಶುರು ಮಾಡುವುದಕ್ಕೂ ಕೆಳಗಿನ ರಸ್ತೆಗೆ ಒಂದು ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅಲ್ಲಿಗೆ ಅದರ ಕೊನೆಯ ಸ್ಟಾಪು. ಇಂಜಿನ್ನು ಗಡಗಡ ಎನ್ನುತ್ತಲೇ ಇತ್ತು. ದೊಡ್ಡಪ್ಪ ಕಿಟಕಿಯ ಕಡೆ ಒಮ್ಮೆ ನೋಡಿ, ನುಡಿಸಿದರು. ಒಂದು ಕಡೆ ತಪ್ಪಿತು. ಹಿಂದಕ್ಕೆ ಹೋಗಿ, ಸರಿಮಾಡಿಕೊಂಡು, ಮುಂದಕ್ಕೆ ಬಂದರು. ಎರಡೂ ಪುಟ ಮುಗಿಸಿದರು. ಕಾಲು ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ, ಸಿಟ್ಟಿನಿಂದಲೇ ತಟ್ಟಿದೆ.

ಕಾಫಿ ಕೊಡುವಾಗಲೂ ಬಸ್ಸು ಗಡಗಡ ಎನ್ನುತ್ತಿತ್ತು. ಟೀಚರಮ್ಮ ಬೇಸರದಿಂದ ನನ್ನೊಡನೆ ಮಾತಿಗೆ ನಿಂತರು. ಮೊದಲೆಲ್ಲ ಮಧ್ಯಾಹ್ನದ ಒಂದು ಬಸ್ಸು ಇಲ್ಲಿಗೆ ಬಂದಕೂಡಲೇ ಇಂಜಿನ್ನು ನಿಲ್ಲಿಸುತ್ತಿತ್ತು ಎಂದರು. ಅದೊಂದೇ ಬಸ್ಸು, ಹದಿನೈದು ನಿಮಿಷ. ಮೇಲಿನಿಂದ ಬಸ್ಸಿನ ತಲೆ ಮಾತ್ರ ಕಾಣುತ್ತಿತ್ತು, ಓಡಿಸುವವರು ಯಾರೋ ಗೊತ್ತಿಲ್ಲ. ಗಂಡ ತೀರಿಹೋದ ಮೇಲೆ ಈ ವಾದ್ಯವನ್ನು ಮುಚ್ಚಿಬಿಡಬೇಕೆಂದಿದ್ದರಂತೆ. ಆದರೆ ದಿನಾ ಆ ಹೊತ್ತಿಗೆ ಇಂಜಿನ್ನು ನಿಂತಾಗ, ಯಾರೋ ಕೇಳುತ್ತಿದ್ದಾರೆ ಎಂದು ಕೂತು ನುಡಿಸುತ್ತಿದ್ದರು. ಒಂದು ದಿನದಿಂದ ಈಚೆಗೆ ಇಂಜಿನ್ನು ನಿಲ್ಲಲೇ ಇಲ್ಲ. ಕೇಳುವವರು ಹೋಗಿಬಿಟ್ಟರು ಎಂದುಕೊಂಡರು. ಆ ವರ್ಷವೇ ಚೀಟಿ ಬರೆದು ಟೀ ಅಂಗಡಿಯಲ್ಲಿ ಅಂಟಿಸಿದರು.

ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನಿಗೆ, ಅಭ್ಯಾಸಬಲದಿಂದ, ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಆ ವಂಡಿ ಬ್ಯಾಟ್ರಿ ವೀಕು" ಎಂದರು. "ಇಂಜಿನ್ ಆಫ್ ಮಾಡಿದ್ರೆ ಸ್ಟಾರ್ಟ್ ಆಯ್ತಿರ್ಲಿಲ್ಲ. ಅದ್ಕೆ ಉರುಳಿಸ್ಕೊಂಡು ಸ್ಟಾರ್ಟ್ ಮಾಡಾಕೆ ಇಳಿಜಾರಲ್ಲೇ ನಿಲ್ಲಿಸ್ತಿದ್ದೆ. ಇಂಜಿನ್ ಓಡ್ತಾ ಇದ್ರೆ ಮೇಲೆ ಬಾರ್ಸೋದು ಕೇಳ್ಸಾಕಿಲ್ವಲ್ಲ."

ನಾನು ಟೀಚರಮ್ಮನ ಕಡೆ ತಿರುಗಿದೆ. ಇಂಗ್ಲಿಷು ಬಾಯಿಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಬ್ಯಾಟ್ರಿ, ಇಂಜಿನ್, ಆಫ್, ಸ್ಟಾರ್ಟ್ ಎಲ್ಲವೂ ಅವರಿಗೆ ತಿಳಿದ ಮಾತುಗಳೇ. ಎರಡು ಬೇಸಿಗೆ ತಮ್ಮೆದುರು ಕೂತಿದ್ದ ಡ್ರೈವರನ್ನು ಅವರು ಬಹಳ ಹೊತ್ತು ನೋಡಿದರು. ಹೋಗಿ ವಾದ್ಯದ ಮುಂದೆ ಕೂತು, ಕೈಗಳನ್ನು ಕೀಗಳ ಮೇಲಿಟ್ಟು ಕಾದರು.

ದೊಡ್ಡಪ್ಪ ವರಾಂಡಕ್ಕೆ ಹೋಗಿ ಕಟ್ಟೆಯ ಮೇಲೆ ಬಗ್ಗಿ, ಸ್ವಲ್ಪ ಹೊತ್ತು ಇಂಜಿನ್ನು ನಿಲ್ಲಿಸಪ್ಪಾ ಎಂದು ಕೆಳಗಿನ ಡ್ರೈವರಿಗೆ ತಮಿಳಿನಲ್ಲಿ ಕೂಗಿದರು.

"ತಂಬಿ, ಕೊಂಜ ನೇರಂ ಆಫ್ ಪಣ್ಣುಪ್ಪಾ."

ಇಂಜಿನ್ನು ನಿಂತಿತು. ಟೀಚರಮ್ಮ ನುಡಿಸತೊಡಗಿದರು. ದೊಡ್ಡಪ್ಪ ಒಳಗೆ ಬರಲಿಲ್ಲ. ನಮಗೆ ಬೆನ್ನು ಮಾಡಿ, ಅಲ್ಲೇ ನಿಂತು ಕೇಳಿದರು.